ಉಜ್ಜುಗೊರಡಿನ ಹಲ್ಲು ನೋಡಿ ಕೊಳ್ಳಿ

ದಾನ ಕೊಟ್ಟ ಎಮ್ಮೆಯ ಹಲ್ಲು ನೋಡಬಾರದು ಅಂತಾರೆ. ಆದರೆ ದುಡ್ಡು ಕೊಟ್ಟು ತರುವ, ಮರ ಹೆರೆದು ನಯಮಾಡುವ ಉಜ್ಜುಗೊರಡಿನ ಹಲ್ಲು ನೋಡಲೇಬೇಕು. ನಾನು ಮೊದಲ ಸಲ ನೋಡಲಿಲ್ಲ. ಅಂಗಡಿಯಲ್ಲಿ ಅದರ ನೀಲಿ ಬಣ್ಣ ಫಳಫಳ ಹೊಳೆಯುತ್ತಿತ್ತು, ಹಿಡಿ ಕೈಗೆ ಚೆನ್ನಾಗಿ ಕೂತಿತ್ತು, ಬೆಲೆಯೂ ಕಡಿಮೆ. ಮನೆಗೆ ತಂದು ಹಲಸಿನ ಹಲಗೆಯ ಮೇಲೆ ಎರಡು ಸಲ ತಳ್ಳಿದೆ. ಸುರುಳಿ ಬರಲಿಲ್ಲ. ಮರವೇ ಚಕ್ಕೆ ಚಕ್ಕೆಯಾಗಿ ಕಿತ್ತು ಬಂತು.

ನೋಟಕ್ಕೆ ಮೋಸ ಹೋಗುವುದು ಸುಲಭ. ಈಗ ಮಾರುಕಟ್ಟೆಯಲ್ಲಿರುವ ಹೆಚ್ಚಿನ ಲೋಹದ ಉಜ್ಜುಗೊರಡುಗಳು ಒಂದೇ ಅಚ್ಚಿನವು. ಅಮೆರಿಕದ ಲೆನರ್ಡ್ ಬೈಲಿ ರೂಪಿಸಿದ ವಿನ್ಯಾಸ ಅದು. ಅವನ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಆ ಪೇಟೆಂಟುಗಳು ಮುಗಿದು ಎಷ್ಟೋ ಕಾಲವಾಯಿತು, ಈಗ ಯಾರು ಬೇಕಾದರೂ ಮಾಡಬಹುದು. ಅಲಗು 45 ಡಿಗ್ರಿ ಓರೆ, ಹಿಂದೆ ಆಳ ಹೊಂದಿಸುವ ಹಿತ್ತಾಳೆಯ ಚಕ್ರ, ಪಕ್ಕಕ್ಕೆ ಸರಿಸುವ ಸಣ್ಣ ಲಿವರ್. ಅಗ್ಗದ್ದರಲ್ಲೂ ಇವೇ, ಹತ್ತು ಪಟ್ಟು ಬೆಲೆಯದರಲ್ಲೂ ಇವೇ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸೌದೆ ಸೀಳುವುದನ್ನು ನೋಡಿದ್ದೀರಲ್ವಾ? ಕೊಡಲಿ ಅರ್ಧಕ್ಕೇ ನಿಂತರೂ ಬಿರುಕು ಮುಂದಕ್ಕೆ ಓಡಿರುತ್ತದೆ. ಉಜ್ಜುಗೊರಡಿನಲ್ಲೂ ಆಗುವುದು ಅದೇ. ಅಲಗು ನಾರನ್ನು ಕೊಯ್ಯುವುದರ ಜೊತೆಗೆ ಮೇಲಕ್ಕೆ ಎತ್ತುತ್ತದೆ. ನಾರು ಕೆಳಮುಖವಾಗಿದ್ದರೆ ಬಿರುಕು ಹಲಗೆಯ ಒಳಕ್ಕೇ ಇಳಿಯುತ್ತದೆ. ಹಲಸಿನಲ್ಲಂತೂ ನಾರು ಒಮ್ಮೆ ಅತ್ತ, ಒಮ್ಮೆ ಇತ್ತ ಹೆಣೆದುಕೊಂಡಿರುತ್ತದೆ.

ಈ ಬಿರುಕನ್ನು ತಡೆಯುವವರು ಇಬ್ಬರು. ಒಂದು, ಬಾಯಿಯ, ಅಂದರೆ ತಳದಲ್ಲಿ ಅಲಗು ಹೊರಬರುವ ಸೀಳಿನ, ಮುಂದಿರುವ ತಳದ ಪಟ್ಟಿ. ಅದು ನಾರನ್ನು ಒತ್ತಿ ಹಿಡಿಯುತ್ತದೆ. ಇನ್ನೊಂದು, ಅಲಗಿನ ಮೇಲೆ ಕೂರುವ ಕ್ಯಾಪ್ ಐರನ್ ಎಂಬ ಲೋಹದ ತಗಡು. ಎದ್ದು ಬಂದ ಸುರುಳಿಯನ್ನು ಅದು ತಕ್ಷಣ ಬಗ್ಗಿಸಿ ಮುರಿಯುತ್ತದೆ. ಆಗ ಸುರುಳಿಗೆ ಬಿರುಕನ್ನು ಮುಂದಕ್ಕೆ ಎಳೆಯುವ ಬಲ ಇರುವುದಿಲ್ಲ. ಆದರೆ ಕ್ಯಾಪ್ ಐರನ್ ಅಲಗಿನ ಅಂಚಿಗೆ ತೀರಾ ಹತ್ತಿರ ಇರಬೇಕು, ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು. ಜಪಾನಿನ ಯಮಗಾತ ವಿಶ್ವವಿದ್ಯಾಲಯದ ಕವಾಯ್ ಮತ್ತು ಕಾಟೊ ಎಂಬ ಸಂಶೋಧಕರು ಇದನ್ನು ಹತ್ತಿರದಿಂದ ಚಿತ್ರೀಕರಿಸಿ ತೋರಿಸಿದ್ದಾರೆ. ಕ್ಯಾಪ್ ಐರನ್ ಅಲಗಿಗೆ ಅಂಟಿ ಕೂರಬೇಕಾದ ಕಡೆ ಕೂದಲೆಳೆಯಷ್ಟು ಸಂದಿ ಇದ್ದರೂ ಸಿಪ್ಪೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನನ್ನದರಲ್ಲಿ ಇದ್ದ ಸಂದಿಯಲ್ಲಿ ಕಾಗದ ತೂರುತ್ತಿತ್ತು!

ಅದಕ್ಕೇ ಅಂಗಡಿಗೆ ಹೋಗುವಾಗ ಒಂದು ಸ್ಟೀಲ್ ಸ್ಕೇಲ್ ಜೇಬಿನಲ್ಲಿರಲಿ. ತಳಕ್ಕೆ ಅದರ ಅಂಚನ್ನು ಇಟ್ಟು ಬೆಳಕಿಗೆ ಹಿಡಿಯಿರಿ. ತಳವೆಲ್ಲ ಕನ್ನಡಿಯಂತೆ ಇರಬೇಕಿಲ್ಲ. ಮೂತಿ, ಬಾಯಿಯ ಮುಂದಿನ ಪಟ್ಟಿ, ಹಿಂದಿನ ತುದಿ ಈ ಮೂರೂ ಒಂದೇ ಮಟ್ಟದಲ್ಲಿದ್ದರೆ ಸಾಕು. ಬಾಯಿಯ ಬಳಿ ಬೆಳಕು ತೂರಿದರೆ ಅಲ್ಲಿ ತಳ ಮರವನ್ನು ಒತ್ತುವುದೇ ಇಲ್ಲ ಎಂದರ್ಥ.

ಆದರೂ ಇದು ಕೈಯಲ್ಲೇ ಸರಿಮಾಡಬಹುದಾದ ದೋಷ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ನಯವಾದ ಗ್ರಾನೈಟ್ ತುಂಡಿನ ಮೇಲೆ 80ನೇ ನಂಬರಿನ ಉಜ್ಜುಕಾಗದ ಅಂಟಿಸಿ ತಳ ತಿಕ್ಕಿದರಾಯಿತು. ಅಲಗನ್ನು ಒಳಗೆ ಸರಿಸಿ, ಆದರೆ ಬಿಗಿ ಮಾಡಿಯೇ ತಿಕ್ಕಬೇಕು. ಬಿಗಿ ಮಾಡಿದಾಗ ಇಡೀ ಕಬ್ಬಿಣ ಕೊಂಚ ಬಾಗುತ್ತದೆ, ಕೆಲಸ ಮಾಡುವಾಗಲೂ ಅದು ಹಾಗೇ ಇರುತ್ತದಲ್ಲ. ನನಗೆ ಎರಡು ಭಾನುವಾರ ಹಿಡಿಯಿತು. ಕೈಯೆಲ್ಲ ಕಪ್ಪು. ಬೀಡು ಕಬ್ಬಿಣದೊಳಗೆ ಗ್ರಾಫೈಟ್ ಪದರಗಳಿರುತ್ತವೆ, ಪೆನ್ಸಿಲಿನಲ್ಲಿರುವುದೂ ಅದೇ. ಆ ಪದರಗಳಿಂದಲೇ ಈ ಕಬ್ಬಿಣ ನೆಲಕ್ಕೆ ಬಿದ್ದರೆ ಒಡೆಯುವುದು.

ಕೆಲವು ದೋಷಗಳು ಹೀಗೆ ಹೋಗುವುದಿಲ್ಲ. ಎರಕ ಹೊಯ್ದಾಗ ತೆಳುವಾದ ಪಕ್ಕಗಳು ಬೇಗ ಆರುತ್ತವೆ, ದಪ್ಪ ಭಾಗ ನಿಧಾನ. ಈ ಎಳೆದಾಟ ಲೋಹದೊಳಗೇ ಉಳಿಯುತ್ತದೆ. ಮತ್ತೆ ಕಾಯಿಸಿ ನಿಧಾನವಾಗಿ ಆರಿಸಿದರೆ, ಅಥವಾ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದು ಸಡಿಲವಾಗುತ್ತದೆ. ಆ ತಾಳ್ಮೆಗೂ ಖರ್ಚಿದೆ. ಅಗ್ಗದ ಮಾಲಿನಲ್ಲಿ ಅದನ್ನು ಬಿಟ್ಟಿದ್ದರೆ, ಅಂಗಡಿಯಲ್ಲಿ ನೇರವಾಗಿದ್ದ ತಳ ಮನೆಯಲ್ಲಿ ಕೆಲವು ತಿಂಗಳಾದ ಮೇಲೆ ತಿರುಚಿಕೊಳ್ಳಬಹುದು. ಇದು ಮಾತ್ರ ಸ್ಕೇಲಿಗೆ ಸಿಗದ ರೋಗ.

ಇನ್ನೊಂದು ದೋಷ ಅಲಗಿನ ಕೆಳಗೆ ಅಡಗಿರುತ್ತದೆ. ಅಲಗು ಒರಗುವ ಕಬ್ಬಿಣದ ಪೀಠಕ್ಕೆ ಇಂಗ್ಲಿಷಿನಲ್ಲಿ ಫ್ರಾಗ್ ಅಂತಾರೆ, ಅಂದರೆ ಕಪ್ಪೆ! ಈ ಕಪ್ಪೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರಬೇಕು. ಸ್ಕ್ರೂ ಸಡಿಲಿಸಿ ಮೂಲೆಗಳನ್ನು ಬೆರಳಿಂದ ಒತ್ತಿ ನೋಡಿ. ಟಕ್ ಟಕ್ ಅಂದರೆ ವಾಪಸ್ ಕೊಟ್ಟುಬಿಡಿ. ಅಂಥ ಅಲಗು ಮರದ ಮೇಲೆ ನಡುಗುತ್ತದೆ, ಹಲಗೆಯಲ್ಲಿ ಸಣ್ಣ ಅಲೆಗಳು ಮೂಡುತ್ತವೆ. ಅರ ಹಿಡಿದು ಸರಿಮಾಡಬಹುದು, ಆದರೆ ಹೊಸಬರ ಕೈಗೆ ಆಗುವ ಕೆಲಸವಲ್ಲ.

ಅಲಗಿನ ಹದ ನೋಡಲು ಅರವೇ ಸಾಕು. ಅಂಚಿನ ಮೂಲೆಗೆ ಮೆಲ್ಲಗೆ ತಾಗಿಸಿ. ಅರ ಜಾರಿದರೆ ಉಕ್ಕು ಗಟ್ಟಿ, ಸುಲಭವಾಗಿ ಕಚ್ಚಿದರೆ ಮೆತ್ತಗೆ. ಒಳ್ಳೆಯ ಅಲಗುಗಳ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 58ರಿಂದ 62ರವರೆಗೆ ಇರುತ್ತದೆ. ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಅನುಮಾನ ಪಡಿ. ಸಾಣೆ ಹಿಡಿಯುವಾಗ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವು ತಗುಲಿ ಹದ ಇಳಿದಿರಬಹುದು. ತೇಗದ ಮೇಲೆ ಇಂಥ ಅಲಗು ಬೇಗ ಸೋಲುತ್ತದೆ, ಆ ಮರದಲ್ಲೇ ಮರಳಿನ ಅಂಶ, ಅಂದರೆ ಸಿಲಿಕಾ ಇದೆ. ಬೇಜಾರೇನಿಲ್ಲ, ಅಲಗು ಬಿಡಿಯಾಗಿಯೂ ಸಿಗುತ್ತದೆ. ಉಳಿದದ್ದು ಸರಿಯಿದ್ದರೆ ಅದೊಂದನ್ನು ಬದಲಿಸಿ.

ಹಿತ್ತಾಳೆಯ ಚಕ್ರ ಅರ್ಧ ಸುತ್ತು ಸುಮ್ನೆ ತಿರುಗುತ್ತದೆ ಅಂತ ಕೆಲವರು ಬಿಟ್ಟು ಬರುತ್ತಾರೆ. ದುಬಾರಿಯದರಲ್ಲೂ ಆ ಸಡಿಲ ಇರುತ್ತದೆ, ಕೆಲಸಕ್ಕೆ ಅಡ್ಡಿಯಿಲ್ಲ.

ಎರಡನೇ ಸಲ ಕೊಳ್ಳಲು ಹೋದಾಗ ಒಂದೇ ಕಂಪನಿಯ ಮೂರು ಡಬ್ಬಿ ತೆಗೆಸಿದೆ. ಅಂಗಡಿಯವರು, 'ಎಲ್ಲಾ ಒಂದೇ ಮಾಲು ಸಾರ್, ಏನು ನೋಡ್ತೀರಿ?' ಅಂದರು. ಸ್ಕೇಲ್ ಇಟ್ಟು ತೋರಿಸಿದೆ. ಒಂದರ ತಳ ಬಾಯಿಯ ಹತ್ತಿರ ಕುಳಿ ಬಿದ್ದಿತ್ತು, ಇನ್ನೊಂದರ ಕಪ್ಪೆ ಅಲುಗಾಡುತ್ತಿತ್ತು. ಮೂರನೆಯದನ್ನು ಕಟ್ಟಿಸಿಕೊಂಡೆ. ಮೂರಕ್ಕೂ ಒಂದೇ ಬೆಲೆ.