ಏನೂ ಹೊರದ ಗೋಡೆಗೂ ಕೆಲಸವಿದೆ

"ಸಾರ್, ಈ ಗೋಡೆ ಮೇಲೆ ಏನೂ ಕೂತಿಲ್ಲ, ತೆಗೆದುಬಿಡೋಣ." ಹಳೆ ಕಟ್ಟಡದ ದುರಸ್ತಿಗೆ ಕರೆಯುವವರಲ್ಲಿ ಜಾಸ್ತಿ ಜನ ನನಗೆ ಹೇಳುವ ಮಾತು ಇದು. ಆಗ ನಾನು ಫೋನ್ ತೆಗೆದು ಫ್ರಾನ್ಸಿನ ಒಂದು ಮಠದ ಚರ್ಚಿನ ಚಿತ್ರ ತೋರಿಸುತ್ತೇನೆ. ಬರ್ಗಂಡಿ ಸೀಮೆಯ ವೆಝಲೇ ಎಂಬ ಗುಡ್ಡದೂರಿನ ಚರ್ಚು ಅದು.

ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಅಸ್ಥಿ ಅಲ್ಲಿದೆ ಎಂಬ ನಂಬಿಕೆಯಿಂದ ಯಾತ್ರಿಕರು ತಂಡತಂಡವಾಗಿ ಬರುತ್ತಿದ್ದ ಕಾಲ. 1120ರ ಜುಲೈನಲ್ಲಿ, ಆಕೆಯ ಹಬ್ಬದ ಹಿಂದಿನ ರಾತ್ರಿ, ಹಳೆ ಚರ್ಚಿಗೆ ಬೆಂಕಿ ಬಿತ್ತು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಹೊಸ ಹಜಾರ ಎದ್ದಿತು. ನಮ್ಮ ಬೇಲೂರಿನ ದೇವಾಲಯವೂ ಹೆಚ್ಚುಕಡಿಮೆ ಅದೇ ಕಾಲದ್ದು. ಆದರೆ ಬೇಲೂರಿನಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಕಲ್ಲು. ಭಾರ ನೆಟ್ಟಗೆ ಕೆಳಗಿಳಿಯುತ್ತದೆ. ಅದನ್ನೇ ನೋಡಿ ಬೆಳೆದ ನಮ್ಮ ಕಣ್ಣಿಗೆ ಭಾರ ಎಂದರೆ ಕೆಳಕ್ಕೆ ಹೋಗುವುದು ಅಷ್ಟೇ.

ವೆಝಲೇಯಲ್ಲಿ ಛಾವಣಿಯೇ ಕಲ್ಲಿನ ಕಮಾನು. ಕಮಾನು ಬರೀ ಕೆಳಕ್ಕೆ ಒತ್ತುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಗೋಡೆಗೆ ಒರಗಿಸಿದ ಏಣಿಯ ಬುಡ ಹಿಂದಕ್ಕೆ ಜಾರಲು ನೋಡುತ್ತದಲ್ಲ, ಹಾಗೆ. ಏಣಿಯ ಬುಡಕ್ಕೆ ಯಾರಾದರೂ ಕಾಲು ಕೊಟ್ಟಿರಬೇಕು. ಕಾಲು ಕೊಟ್ಟವರು ಏಣಿಯನ್ನು ಹೊತ್ತಿಲ್ಲ, ನಿಜ. ತೆಗೆದರೆ ಏನಾಗುತ್ತದೆ ಅಂತ ಗೊತ್ತಲ್ವಾ? ಇದೊಂದನ್ನು ನಾನು ಎಷ್ಟು ಸಲ ಹೇಳಿದರೂ, ಮರುದಿನ ಫೋನ್ ಮಾಡಿ "ಆದ್ರೂ ಸಾರ್, ಅದರ ಮೇಲೆ ಭಾರ ಇಲ್ವಲ್ಲ" ಅನ್ನುತ್ತಾರೆ. ಭಾರ ಇಲ್ಲ, ಒಪ್ಪಿದೆ. ತಳ್ಳು ಇದೆ. ಎರಡೂ ಬೇರೆ.

ವೆಝಲೇಯ ಚರ್ಚು ಕಟ್ಟಿದವರಿಗೆ ಬೆಳಕು ಬೇಕಿತ್ತು. ಅದಕ್ಕೇ ಎರಡು ಕಮಾನುಗಳು ಅಡ್ಡಡ್ಡ ಸೇರುವಂಥ ಛಾವಣಿ ಹಾಕಿದರು. ಆಗ ಗೋಡೆಯ ಮೇಲ್ಭಾಗದಲ್ಲಿ ಕಿಟಕಿ ಇಡಲು ಜಾಗ ಸಿಗುತ್ತದೆ. ಬೇಸಿಗೆಯಲ್ಲಿ ಹಗಲು ಅತಿ ದೀರ್ಘವಾಗುವ ಜೂನ್ ದಿನಗಳ ಮಧ್ಯಾಹ್ನ ಆ ಕಿಟಕಿಗಳ ಬಿಸಿಲು ಹಜಾರದ ನಡುವೆ ಸಾಲಾಗಿ ಬೀಳುತ್ತದೆ. ಅದನ್ನು ನೋಡಲೆಂದೇ ಜನ ಹೋಗುತ್ತಾರೆ. ಆದರೆ ಗೋಡೆಗೆ ಹೊರಗಿನಿಂದ ಸಾಕಷ್ಟು ಆಸರೆ ಇರಲಿಲ್ಲ. ಗೋಡೆಯೊಳಗೆ ಉದ್ದಕ್ಕೆ ಮರದ ತೊಲೆ ಹುದುಗಿಸಿದ್ದರು, ಅವೂ ಕಾಲಕ್ರಮದಲ್ಲಿ ಕೊಳೆತವು. ಕಮಾನು ತಳ್ಳಿತು, ಗೋಡೆ ಹೊರಕ್ಕೆ ವಾಲಿತು, ಕಮಾನು ಚಪ್ಪಟೆಯಾಯಿತು. ಚಪ್ಪಟೆಯಾದಷ್ಟೂ ತಳ್ಳು ಇನ್ನೂ ಹೆಚ್ಚು.

ಇವತ್ತು ಹೋದರೂ ಇದನ್ನು ಕಣ್ಣಾರೆ ನೋಡಬಹುದು. ಹಜಾರದ ನಡುವೆ ನಿಂತು ತಲೆಯೆತ್ತಿ. ಒಂದು ತಿಳಿ, ಒಂದು ಗಾಢ ಬಣ್ಣದ ಕಲ್ಲು ಜೋಡಿಸಿದ ಅಡ್ಡ ಕಮಾನುಗಳಿವೆ. ಬಣ್ಣಗಳ ಸಾಲನ್ನು ಹಿಂಬಾಲಿಸಿದರೆ ಕೆಲವು ಕಮಾನುಗಳು ಅರ್ಧ ವೃತ್ತವಾಗಿ ಉಳಿದಿಲ್ಲ, ನೆತ್ತಿ ಕುಸಿದಿದೆ ಎಂದು ತಿಳಿಯುತ್ತದೆ.

ಆಸರೆ ಆಮೇಲೆ ಬಂತು. ಗೋಡೆಗೆ ಹೊರಗಿನಿಂದ ಒರಗಿ ನಿಂತ ಅರ್ಧ ಕಮಾನುಗಳು, ಎಂಜಿನಿಯರುಗಳು ಫ್ಲೈಯಿಂಗ್ ಬಟ್ರೆಸ್ ಅನ್ನುತ್ತೇವೆ. ಫೋಟೊ ನೋಡಿದವರೆಲ್ಲ "ಅಲಂಕಾರಕ್ಕಾ?" ಎಂದು ಕೇಳುತ್ತಾರೆ. ಇಲ್ಲ, ಅವು ಏಣಿಗೆ ಕೊಟ್ಟ ಕಾಲು. ಅವೂ ಹಾಳಾದವು. 1834ರಲ್ಲಿ ಸ್ಮಾರಕಗಳ ಇನ್‌ಸ್ಪೆಕ್ಟರ್ ಪ್ರೊಸ್ಪೆರ್ ಮೆರಿಮೆ ಒಳಗೆ ಕೂತು ಚಿತ್ರ ಬರೆಯುತ್ತಿದ್ದಾಗ ಸುತ್ತ ಸಣ್ಣ ಕಲ್ಲುಗಳು ಉದುರುವ ಸದ್ದು ಕೇಳುತ್ತಿತ್ತಂತೆ. 1840ರಲ್ಲಿ ದುರಸ್ತಿಯ ಕೆಲಸ ವಹಿಸಿದ್ದು ವಿಯೊಲೆ-ಲ-ದ್ಯುಕ್ ಎಂಬ 26 ವರ್ಷದ ಹುಡುಗನಿಗೆ. ಕೆಲಸ ಮುಗಿದಿದ್ದು 1859ರಲ್ಲಿ. ಕಮಾನಿನ ಕೆಳಗೆ ಸೆಂಟ್ರಿಂಗ್, ಅಂದರೆ ತಾತ್ಕಾಲಿಕ ಆಸರೆ, ನಿಲ್ಲಿಸಿದ ಮೇಲೆಯೇ ಅವನು ಹೊರಗಿನ ಆಸರೆಗಳಿಗೆ ಕೈ ಹಾಕಿದ. ಈ ಕ್ರಮಕ್ಕಾಗಿ ನನಗೆ ಅವನ ಮೇಲೆ ತುಂಬ ಗೌರವ. ಅವನು ಹೊಸದಾಗಿ ಸೇರಿಸಿದ್ದು ಜಾಸ್ತಿಯಾಯಿತು ಎಂದು ತಕರಾರು ಮಾಡುವವರಿದ್ದಾರೆ, ಅದರಲ್ಲೂ ನ್ಯಾಯವಿದೆ. ಮುಂಬಾಗಿಲ ಮೇಲಿನ ಕೆತ್ತನೆ 19ನೇ ಶತಮಾನದ್ದೇ. ಹಳೆಯದು ಬೇಕಾದರೆ ಒಳಬಾಗಿಲಿಗೆ ಹೋಗಿ. ಕ್ರಿಸ್ತನ ಸುತ್ತ ಲೋಕದ ಎಲ್ಲ ಜನ ಸೇರಿದ್ದಾರೆ, ಅವರಲ್ಲಿ ನಾಯಿತಲೆಯವರೂ ಇದ್ದಾರೆ! ನಾಯಿತಲೆಯ ಜನ ಭಾರತದಲ್ಲಿದ್ದಾರೆ ಎಂದು ಹಿಂದಿನ ಗ್ರೀಕರು ಬರೆದಿದ್ದರು. ನಮ್ಮವರು ಅಲ್ಲಿ ಹೋದಾಗ ಅದನ್ನು ತಪ್ಪದೆ ಹುಡುಕಬೇಕು.

ಈಚೆಗೆ ಒಬ್ಬರು ತಮ್ಮ ತಾತನ ಕಾಲದ ಬಂಗಲೆಗೆ ಕರೆದರು. ಮುಂದೆ ಕಮಾನುಗಳ ವರಾಂಡ, ಅದರ ಕೊನೆಗೆ ಒಂದು ಸಾಮಾನಿನ ಕೋಣೆ. ಕಾರು ನಿಲ್ಲಿಸಲು ಜಾಗ ಸಾಲದೆಂದು ಆ ಕೋಣೆಯನ್ನು ಕೆಡವಿದ್ದರು. ಮಳೆಗಾಲ ಮುಗಿಯುವುದರೊಳಗೆ ಕೊನೆಯ ಕಮಾನಿನ ನೆತ್ತಿಯಲ್ಲಿ ಬಿರುಕು. ಮೇಸ್ತ್ರಿ ಸಿಮೆಂಟ್ ತುಂಬಿದ, ಮತ್ತೆ ಬಿರುಕು. ಪಾಪ, ಅಡಿಪಾಯ ಕುಸಿದಿದೆ ಎಂದು ಅಂಗಳವನ್ನೆಲ್ಲ ಅಗೆಸಿದ್ದರು. ಅಡಿಪಾಯ ಗಟ್ಟಿಯಾಗಿಯೇ ಇತ್ತು. ಸಾಲಿನ ನಡುವೆ ಪ್ರತಿ ಕಮಾನಿಗೂ ಪಕ್ಕದ್ದು ಎದುರು ತಳ್ಳುತ್ತದೆ. ಕೊನೆಯದಕ್ಕೆ ಎದುರು ನಿಂತಿದ್ದು ಆ ಕೋಣೆಯ ಗೋಡೆ ಒಂದೇ.

ಎಲ್ಲ ಬಿರುಕಿಗೂ ಇದೇ ಕಾರಣ ಎನ್ನಲಾರೆ. ವಾಲಿದ ಗೋಡೆಯೆಲ್ಲ ಬೀಳುವುದೂ ಇಲ್ಲ. ಇನ್ನೂ ವಾಲುತ್ತಿದೆಯೇ ಎಂದು ಕೆಲವು ತಿಂಗಳು ಅಳೆದು ನೋಡದೆ ಯಾರೂ ಖಚಿತವಾಗಿ ಹೇಳಬಾರದು. ಫೋಟೊ ಕಳಿಸಿ ಉತ್ತರ ಕೇಳಬೇಡಿ. ಕಮಾನಿನ ಪಕ್ಕದ ಗೋಡೆ ಕೆಡವುವ ಮುನ್ನ ಎಂಜಿನಿಯರನ್ನು ಸ್ಥಳಕ್ಕೆ ಕರೆಸಿ. ಆಗಲೇ ಕೆಡವಿದ್ದರೆ, ಮೊದಲು ಕಮಾನಿನ ಕೆಳಗೆ ಸೆಂಟ್ರಿಂಗ್ ಕೊಡಿಸಿ, ಸಿಮೆಂಟ್ ಚೀಲ ಆಮೇಲೆ.