ಫಾರ್ಮ್ಯಾಟರ್ ನನ್ನ ಕ್ವೆರಿಯನ್ನು ಕೆಡಿಸುತ್ತದೆ: ತಯಾರಿಸಿದವರಿಗೆ ಏನೆಂದು ಬರೆಯಲಿ?

ಪ್ರಶ್ನೆ: ನಾನು ಸೇಡಂ ಕಡೆಯವನು. ಕಲಬುರಗಿಯ ಒಂದು ಸಣ್ಣ ಕಂಪನಿಯಲ್ಲಿ ಡೇಟಾಬೇಸ್ ಕೆಲಸ ಮಾಡುತ್ತೇನೆ. ಡೇಟಾಬೇಸಿಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಬರೆದು ಕೊಡುವ ಆದೇಶವೇ ಕ್ವೆರಿ, ಅದರ ಸಾಲುಗಳನ್ನು ಅಂದವಾಗಿ ಜೋಡಿಸುವ ಉಪಕರಣವೇ ಫಾರ್ಮ್ಯಾಟರ್. ಎಸ್‌ಕ್ಯೂಎಲ್ ಫಾರ್ಮ್ಯಾಟರ್ ಬಳಸಿದಾಗ ಕೆಲವೊಮ್ಮೆ ಕ್ವೆರಿಯೇ ಕೆಡುತ್ತದೆ, ಕೆಲವೊಮ್ಮೆ ಮೊದಲಿಗಿಂತ ಓದಲು ಕಷ್ಟವಾಗುತ್ತದೆ. ಅದನ್ನು ತಯಾರಿಸಿದವರಿಗೆ ಸಲಹೆ ಬರೆಯಬೇಕೆಂದಿದ್ದೇನೆ. ಏನನ್ನು ಕೇಳಬೇಕು? ನಮ್ಮಂಥವರ ಮಾತನ್ನು ಅವರು ಕೇಳುತ್ತಾರೆಯೇ?

ಉತ್ತರ: ಕೇಳುತ್ತಾರೆ. ಈ ಉಪಕರಣಗಳಲ್ಲಿ ಹಲವು ಮುಕ್ತ ತಂತ್ರಾಂಶಗಳು. ಬಳಸುವವರು ಕಳುಹಿಸಿದ ಸಲಹೆಗಳಿಂದಲೇ ಅವು ಬೆಳೆದಿವೆ. ಬೀದರ್‌ನಿಂದಲೂ ಯಾದಗಿರಿಯಿಂದಲೂ ಇದೇ ಪ್ರಶ್ನೆ ನನಗೆ ಬೇರೆ ಬೇರೆ ಮಾತುಗಳಲ್ಲಿ ಬಂದಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತೊಗರಿಯನ್ನು ಮೊರದಲ್ಲಿ ಹಸನು ಮಾಡುವುದನ್ನು ನೋಡಿ ಬೆಳೆದವರು ನಾವು. ಹೊಟ್ಟು ಹಾರಬೇಕು, ಕಾಳು ಒಂದೂ ಹಾರಬಾರದು. ಫಾರ್ಮ್ಯಾಟರಿನ ಕೆಲಸವೂ ಇಷ್ಟೇ. ಖಾಲಿ ಜಾಗ, ಸಾಲಿನ ಮುರಿತ, ಕೀವರ್ಡುಗಳ (ಭಾಷೆಯ ನಿಗದಿತ ಪದಗಳ) ದೊಡ್ಡಕ್ಷರ ಸಣ್ಣಕ್ಷರ, ಇವು ಅದರ ಪಾಲಿನ ಹೊಟ್ಟು. ಉಳಿದದ್ದೆಲ್ಲ ಕಾಳು. ನೀವು ಬರೆಯುವ ಸಲಹೆ ಕಾಳಿಗೆ ಸಂಬಂಧಿಸಿದ್ದೋ ಹೊಟ್ಟಿಗೆ ಸಂಬಂಧಿಸಿದ್ದೋ ಎಂದು ಮೊದಲು ನೋಡಿಕೊಳ್ಳಿ. ಕಾಳಿನ ದೂರಿಗೆ ಯಾವ ತಯಾರಕನೂ ಬೆಲೆ ಕೊಡುತ್ತಾನೆ. ಹೊಟ್ಟಿನ ದೂರಿಗೆ ಹತ್ತು ಜನ ಹತ್ತು ಉತ್ತರ ಹೇಳುತ್ತಾರೆ.

ಹಾಗೇಕೆ ಎಂದರೆ, ಎಸ್‌ಕ್ಯೂಎಲ್ ಭಾಷೆಗೆ ಬರವಣಿಗೆಯ ಒಂದು ಒಪ್ಪಿತ ರೂಪ ಎಂದೂ ಇರಲಿಲ್ಲ. ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಇದನ್ನು ಸೀಕ್ವೆಲ್ ಎಂಬ ಹೆಸರಿನಲ್ಲಿ ಮುಂದಿಟ್ಟರು. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಇದಕ್ಕೆ ಮಾನಕ ರೂಪಿಸಿತು. ಆದರೆ ಸಾಲನ್ನು ಎಲ್ಲಿ ಮುರಿಯಬೇಕು, ಎಷ್ಟು ಒಳಸರಿಸಬೇಕು ಎಂಬುದನ್ನು ಮಾನಕ ವಿಧಿಸಲಿಲ್ಲ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಅದರ ಫಾರ್ಮ್ಯಾಟರ್ ಬಂತು, ಅದು ಹೇಳಿದ್ದೇ ರೂಪವಾಯಿತು. ಎಸ್‌ಕ್ಯೂಎಲ್‌ಗೆ ಅಂಥ ಯಜಮಾನ ಇಲ್ಲ. ಮೇಲಾಗಿ ಒಂದೊಂದು ಡೇಟಾಬೇಸಿನದು ಒಂದೊಂದು ಆಡುನುಡಿ: ಟೇಬಲ್, ಕಾಲಂ ಹೆಸರುಗಳನ್ನು ಮೈಎಸ್‌ಕ್ಯೂಎಲ್ ಒಂದು ಬಗೆಯ ಉದ್ಧರಣ ಚಿಹ್ನೆಯಲ್ಲಿ ಇಡುತ್ತದೆ, ಎಸ್‌ಕ್ಯೂಎಲ್ ಸರ್ವರ್ ಚೌಕ ಆವರಣದಲ್ಲಿ ಇಡುತ್ತದೆ, ಪೋಸ್ಟ್‌ಗ್ರೆಸ್ ಜೋಡಿ ಉದ್ಧರಣ ಚಿಹ್ನೆಯಲ್ಲಿ ಇಡುತ್ತದೆ. ಉಪಕರಣದಲ್ಲಿ ನಿಮ್ಮ ಡೇಟಾಬೇಸ್ ಯಾವುದೆಂದು ಆರಿಸಿದ್ದೀರಾ? ನನ್ನ ಬಳಿ ಬರುವ ದೂರುಗಳಲ್ಲಿ ಬಹಳಷ್ಟು ಅಲ್ಲಿಯೇ ಮುಗಿಯುತ್ತವೆ.

ಈಗ ಕಾಳು ಹಾರಿಹೋದ ಒಂದು ಸಂಗತಿ. ಹಲವು ವರ್ಷಗಳ ಹಿಂದೆ ತೊಗರಿ ದಾಸ್ತಾನಿನ ಲೆಕ್ಕ ಇಡುವ ಒಂದು ತಂತ್ರಾಂಶಕ್ಕೆ ವರದಿಗಳನ್ನು ಬರೆಯುತ್ತಿದ್ದೆ. ಒಂದು ಕ್ವೆರಿಯ ಕೊನೆಯ ಎರಡು ಸಾಲು ಸುಮಾರಾಗಿ ಹೀಗಿದ್ದವು. ಓದಲು ಸುಲಭವಾಗಲೆಂದು ಕೀವರ್ಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ:

ವೇರ್ ತಾಲ್ಲೂಕು = 'ಸೇಡಂ' -- ಹೊಸ ಬೆಳೆ ಮಾತ್ರ
ಆ್ಯಂಡ್ ವರ್ಷ = 2018

ಎರಡು ಅಡ್ಡಗೆರೆ ಬಂದರೆ ಅಲ್ಲಿಂದ ಸಾಲಿನ ಕೊನೆಯವರೆಗೆ ಕಮೆಂಟ್, ಡೇಟಾಬೇಸ್ ಅದನ್ನು ಓದುವುದಿಲ್ಲ. ಇಡೀ ಕ್ವೆರಿಯನ್ನು ಒಂದೇ ಸಾಲಿಗೆ ತರುವ ಆಯ್ಕೆಯನ್ನು ಒತ್ತಿದೆ. ಉಪಕರಣ ಸಾಲಿನ ಮುರಿತವನ್ನು ತೆಗೆದು ಒಂದು ಖಾಲಿ ಜಾಗ ಇಟ್ಟಿತು:

ವೇರ್ ತಾಲ್ಲೂಕು = 'ಸೇಡಂ' -- ಹೊಸ ಬೆಳೆ ಮಾತ್ರ ಆ್ಯಂಡ್ ವರ್ಷ = 2018

ವರ್ಷದ ಷರತ್ತು ಕಮೆಂಟಿನ ಹೊಟ್ಟೆಯೊಳಗೆ ಹೋಯಿತು. ಕ್ವೆರಿ ಯಾವ ತಪ್ಪನ್ನೂ ತೋರಿಸದೆ ಓಡಿತು. ಹಳೆಯ ವರ್ಷಗಳ ತೊಗರಿಯೂ ಸೇರಿ ಮೊತ್ತ ಬಂತು. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಚೀಲಗಳ ನಡುವೆ ನಿಂತು ಎಣಿಸಿದವರು ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಹೇಳುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಅದು ಬರೀ ವರದಿಯ ಕ್ವೆರಿ. ಸಾಲುಗಳನ್ನು ಅಳಿಸುವ ಕ್ವೆರಿಯಾಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಇಂದಿಗೂ ಮನಸ್ಸು ನಡುಗುತ್ತದೆ.

ಆದ್ದರಿಂದ ನಿಮ್ಮ ಮೊದಲ ಸಲಹೆ ಇದೇ ಇರಲಿ: ಸಾಲುಗಳನ್ನು ಕೂಡಿಸುವಾಗ ಅಡ್ಡಗೆರೆಯ ಕಮೆಂಟನ್ನು, ಕೊನೆಯಲ್ಲೂ ಗುರುತಿರುವ ಓರೆಗೆರೆ ಮತ್ತು ನಕ್ಷತ್ರದ ಕಮೆಂಟಾಗಿ (/* */) ಬದಲಿಸಬೇಕು, ಅಥವಾ ಅಲ್ಲಿ ಸಾಲನ್ನು ಮುರಿಯಲೇಬೇಕು. ಇದರ ಬೆನ್ನಿಗೇ ಎರಡನೆಯದನ್ನು ಕೇಳಿ. ಫಾರ್ಮ್ಯಾಟ್ ಮಾಡುವ ಮೊದಲಿನ ಕ್ವೆರಿಯನ್ನೂ ನಂತರದ ಕ್ವೆರಿಯನ್ನೂ ತುಣುಕು ತುಣುಕಾಗಿ ಬಿಡಿಸಿ, ಖಾಲಿ ಜಾಗ, ಕಮೆಂಟಿನ ಗುರುತು, ಕೀವರ್ಡಿನ ದೊಡ್ಡಕ್ಷರ ಸಣ್ಣಕ್ಷರ ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿದೆಯೇ ಎಂದು ಉಪಕರಣವೇ ಹೋಲಿಸಿ ನೋಡಲಿ. ಬೇರೆಯಾಗಿದ್ದರೆ ಫೈಲನ್ನು ಮುಟ್ಟದಿರಲಿ. ಪೈಥಾನ್ ಭಾಷೆಗೆ ಇರುವ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ ಇಂಥ ಪರೀಕ್ಷೆಯನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ. ಎಸ್‌ಕ್ಯೂಎಲ್‌ಗೂ ಅದು ಬೇಕೆಂದು ಕೇಳುವುದು ಅತಿಯಾಸೆಯಲ್ಲ. ಇನ್ನೊಂದು ಚಿಕ್ಕ ಪರೀಕ್ಷೆಯನ್ನು ನೀವೇ ಮಾಡಬಹುದು: ಒಮ್ಮೆ ಫಾರ್ಮ್ಯಾಟ್ ಮಾಡಿದ್ದನ್ನು ಮತ್ತೊಮ್ಮೆ ಮಾಡಿ. ಎರಡನೆಯ ಸಲ ಏನಾದರೂ ಕದಲಿದರೆ ಅದೂ ದೋಷವೇ.

ಕಮೆಂಟಿನಂತೆ ಕಂಡರೂ ಕಮೆಂಟಲ್ಲದ ಬರಹವೂ ಇದೆ. ಒರಾಕಲ್‌ನಲ್ಲಿ ಓರೆಗೆರೆ, ನಕ್ಷತ್ರ, ಅದಕ್ಕೆ ಅಂಟಿಕೊಂಡೇ ಕೂಡಿಸುವ ಚಿಹ್ನೆ ಬಂದರೆ ಅದು ಕ್ವೆರಿಯನ್ನು ಹೇಗೆ ನಡೆಸಬೇಕೆಂದು ಡೇಟಾಬೇಸಿಗೆ ಕೊಡುವ ಸೂಚನೆ. ಅದು ಸೆಲೆಕ್ಟ್ ಪದದ ಬೆನ್ನಿಗೇ ಇರಬೇಕು. ನಕ್ಷತ್ರಕ್ಕೂ ಕೂಡಿಸುವ ಚಿಹ್ನೆಗೂ ನಡುವೆ ಫಾರ್ಮ್ಯಾಟರ್ ಒಂದು ಖಾಲಿ ಜಾಗ ತೂರಿಸಿದರೆ ಸೂಚನೆ ಬರೀ ಕಮೆಂಟಾಗುತ್ತದೆ. ದೋಷ ಸಂದೇಶ ಬರುವುದಿಲ್ಲ, ಕ್ವೆರಿ ನಿಧಾನವಾಗಬಹುದು, ಅಷ್ಟೇ. ಇದನ್ನು ಪತ್ತೆಹಚ್ಚಲು ದಿನಗಟ್ಟಲೆ ತಲೆ ಕೆಡಿಸಿಕೊಂಡವರನ್ನು ಬಲ್ಲೆ.

ನಮ್ಮ ಕಡೆಯಿಂದಲೇ ಹೋಗಬೇಕಾದ ಸಲಹೆಗಳೂ ಇವೆ. ಕನ್ನಡದ ದತ್ತಾಂಶವನ್ನು ದಿನವೂ ಮುಟ್ಟದವರಿಗೆ ಈ ತೊಂದರೆಗಳು ಕಾಣುವುದೇ ಇಲ್ಲ, ಅದು ಅವರ ತಪ್ಪೂ ಅಲ್ಲ.

ಎಸ್‌ಕ್ಯೂಎಲ್ ಎಂಬ ಪದವನ್ನೇ ನೋಡಿ. ಸ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ನಾನು ಟೈಪ್ ಮಾಡಿದ್ದೇನೆ. ಅದನ್ನು ತೆಗೆದರೆ ಎಸ್ಕ್ಯೂಎಲ್ ಆಗುತ್ತದೆ, ಕಕಾರ ಸಕಾರದ ಕೆಳಗೆ ಒತ್ತಾಗಿ ಇಳಿಯುತ್ತದೆ. ಅಫಜಲಪುರವನ್ನು ಕೆಲವರು ಅಫ್ಜಲ್‌ಪುರ ಎಂದು ಬರೆಯುತ್ತಾರೆ, ಅಲ್ಲಿಯೂ ಆ ಕಾಣದ ಅಕ್ಷರ ಕುಳಿತಿದೆ. ಈಗ ಬೇರೊಂದು ಊರಿನ ಬಳಕೆದಾರ, ಜಾಲತಾಣದಿಂದ ನಕಲು ಮಾಡಿದ ಕ್ವೆರಿಯಲ್ಲಿ ಕಾಣದ ಅಕ್ಷರಗಳು ಸೇರಿಕೊಂಡು ತೊಂದರೆ ಕೊಡುತ್ತವೆ, ಅವುಗಳನ್ನು ಫಾರ್ಮ್ಯಾಟರ್ ಶುಚಿಗೊಳಿಸಲಿ ಎಂದು ಸಲಹೆ ಕೊಡುತ್ತಾನೆ. ಅವನ ಮಟ್ಟಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಅದನ್ನು ಹಾಗೆಯೇ ಜಾರಿಗೆ ತಂದರೆ ನಮ್ಮ ಷರತ್ತಿನಲ್ಲಿರುವ 'ಅಫ್ಜಲ್‌ಪುರ' 'ಅಫ್ಜಲ್ಪುರ' ಆಗಿ, ಟೇಬಲ್ಲಿನಲ್ಲಿರುವ 'ಅಫ್ಜಲ್‌ಪುರ'ಕ್ಕೆ ಹೊಂದದೆ ಹೋಗಬಹುದು. ಉತ್ತರದಲ್ಲಿ ಸೊನ್ನೆ ಸಾಲು ಬರಬಹುದು. ಹಾಗಾಗಿ ಬರೆಯಿರಿ: ಉದ್ಧರಣ ಚಿಹ್ನೆಗಳ ಒಳಗಿರುವ ಒಂದು ಬೈಟನ್ನೂ ಮುಟ್ಟಬೇಡಿ, ಶುಚಿ ಮಾಡುವುದೆಲ್ಲ ಹೊರಗೆ ನಡೆಯಲಿ.

ಕಾಲಂ ಹೆಸರುಗಳನ್ನೇ ಕನ್ನಡದಲ್ಲಿ ಇಡುವವರಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ತೂಕ ಎಂಬ ಹೆಸರನ್ನು ಪೋಸ್ಟ್‌ಗ್ರೆಸ್ ಆಗಲಿ ಮೈಎಸ್‌ಕ್ಯೂಎಲ್ ಆಗಲಿ ಉದ್ಧರಣ ಚಿಹ್ನೆ ಇಲ್ಲದೆಯೂ ಒಪ್ಪುತ್ತವೆ. ಆದರೆ ಫಾರ್ಮ್ಯಾಟರ್ ಮೊದಲು ಕ್ವೆರಿಯನ್ನು ಪದಗಳಾಗಿ ಬಿಡಿಸಬೇಕಲ್ಲ, ತೊಡಕು ಅಲ್ಲಿದೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ (ಪಠ್ಯದಲ್ಲಿ ನಮೂನೆ ಹುಡುಕುವ ಬರಹದಲ್ಲಿ) ಪದದ ಅಕ್ಷರ ಎಂಬ ಗುರುತು ತ ಎಂಬ ವ್ಯಂಜನವನ್ನು ಅಕ್ಷರವೆಂದು ಒಪ್ಪುತ್ತದೆ, ಅದಕ್ಕೆ ಸೇರಿದ ದೀರ್ಘ ಉಕಾರದ ಕೊಂಬನ್ನು ಒಪ್ಪುವುದಿಲ್ಲ. ಅದನ್ನೇ ನೆಚ್ಚಿಕೊಂಡು ಬರೆದ ಉಪಕರಣಕ್ಕೆ ತೂಕ ಒಂದು ಪದವಾಗಿ ಕಾಣದೆ ಮೂರು ಚೂರಾಗಿ ಕಾಣುತ್ತದೆ. ಚೂರುಗಳ ನಡುವೆ ಅದು ಖಾಲಿ ಜಾಗ ಇಟ್ಟುಬಿಟ್ಟರೆ ಕ್ವೆರಿ ಅಲ್ಲಿಗೇ ಸತ್ತಂತೆ. ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಹೆಸರಿನ ಭಾಗವೆಂದು ಪರಿಗಣಿಸಿ ಎಂದು ಕೇಳಿದರೆ ಹಿಂದಿಯವರಿಗೂ ತೆಲುಗಿನವರಿಗೂ ಅದೇ ತಿದ್ದುಪಡಿಯಿಂದ ಉಪಕಾರವಾಗುತ್ತದೆ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಕನ್ನಡದ ಪಠ್ಯದ ಮುಂದೆ ಎನ್ ಅಕ್ಷರವನ್ನು ಅಂಟಿಸಿ ಬರೆಯುತ್ತಾರೆ. ಅದಿಲ್ಲದಿದ್ದರೆ, 2019ರ ಆವೃತ್ತಿಯಿಂದ ಬಂದ, ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ವ್ಯವಸ್ಥೆಯನ್ನು ಆರಿಸಿಕೊಳ್ಳದ ಡೇಟಾಬೇಸಿನಲ್ಲಿ ಕಲಬುರಗಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಆ ಎನ್ ಅಕ್ಷರಕ್ಕೂ ಉದ್ಧರಣ ಚಿಹ್ನೆಗೂ ನಡುವೆ ಜಾಗ ಬಿಡಬಾರದು. ಇದೂ ಸಲಹೆಯಲ್ಲಿ ಸೇರಲಿ.

ಇನ್ನು ಸಾಲುಗಳನ್ನು ಕಂಬ ನಿಲ್ಲಿಸಿದಂತೆ ಒಂದರ ಕೆಳಗೊಂದು ಜೋಡಿಸುವ ಆಸೆ. ಕಲಬುರಗಿ ಮತ್ತು ಚಿಂಚೋಳಿ ಎರಡನ್ನೂ ಬೆರಳೆಣಿಸಿ ನೋಡಿ: ಕಲಬುರಗಿಯಲ್ಲಿ ಐದು ಅಕ್ಷರ, ಚಿಂಚೋಳಿಯಲ್ಲಿ ಮೂರು. ಆದರೆ ಯುನಿಕೋಡ್ ಲೆಕ್ಕದಲ್ಲಿ ಎರಡೂ 7 ಸಂಕೇತಗಳು, ಯುಟಿಎಫ್-8ರಲ್ಲಿ ಎರಡೂ 21 ಬೈಟ್. ಸಂಕೇತಗಳನ್ನು ಎಣಿಸಿ ಜೋಡಿಸುವ ಫಾರ್ಮ್ಯಾಟರಿಗೆ ಅವೆರಡೂ ಒಂದೇ ಅಗಲ. ಪರದೆಯ ಮೇಲೆ ಮುಂದಿನ ಕಾಲಂ ಕುಂಟುತ್ತದೆ. ಅಗಲವನ್ನು ಸರಿಯಾಗಿ ಅಳೆಯಿರಿ ಎಂದು ಕೇಳಬಹುದು, ಆದರೆ ಫಾಂಟಿನಿಂದ ಫಾಂಟಿಗೆ ಅದು ಬದಲಾಗುವುದರಿಂದ ಪೂರ್ತಿ ಪರಿಹಾರ ಸಿಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಜೋಡಣೆಯನ್ನು ನಿಲ್ಲಿಸಿಬಿಡುವ ಆಯ್ಕೆಯನ್ನು ಕೇಳುವುದು ಮೇಲು. ಸಾಲಿನ ಆರಂಭದಲ್ಲಿ ನಾಲ್ಕು ಜಾಗ ಒಳಸರಿಸಿದರೆ ಸಾಕು, ಯಾವ ಲಿಪಿಯಲ್ಲೂ ಅದು ಕೆಡುವುದಿಲ್ಲ.

ಹೊಟ್ಟಿನ ವಿಷಯಗಳಲ್ಲಿ ಒಂದೆರಡನ್ನು ಮಾತ್ರ ಹೇಳುತ್ತೇನೆ. ಉದ್ದ ಪಟ್ಟಿಗಳು ನಮ್ಮಲ್ಲಿ ಅನಿವಾರ್ಯ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ಟೇಬಲ್ಲುಗಳಲ್ಲಿ ಎರಡು ಹೆಸರೂ ಇವೆ, ಯಾದಗಿರಿಗೂ ಎರಡು ಮೂರು ಕಾಗುಣಿತ ಇವೆ. ಇನ್ ಎಂಬ ಷರತ್ತಿನೊಳಗೆ ಹತ್ತಿಪ್ಪತ್ತು ಹೆಸರು ಸಹಜವಾಗಿಯೇ ಬರುತ್ತವೆ. ಪ್ರತಿ ಹೆಸರಿಗೂ ಒಂದೊಂದು ಸಾಲು ಕೊಟ್ಟರೆ ಕ್ವೆರಿಯ ನಿಜವಾದ ತರ್ಕ ಪರದೆಯಿಂದಾಚೆ ಜಾರುತ್ತದೆ. ಅಗಲ ತುಂಬುವವರೆಗೆ ಒಂದೇ ಸಾಲಿನಲ್ಲಿ ಹರಿಸಿ ಎಂದು ಕೇಳಿ. ಕೀವರ್ಡುಗಳಿಗೂ ಟೇಬಲ್ ಹೆಸರುಗಳಿಗೂ ಅಕ್ಷರ ಬದಲಿಸುವ ಆಯ್ಕೆ ಬೇರೆ ಬೇರೆಯಾಗಿರಲಿ ಎಂದೂ ಕೇಳಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮೈಎಸ್‌ಕ್ಯೂಎಲ್ ಟೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರದ ಭೇದ ಎಣಿಸುವುದಿಲ್ಲ, ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ ಎಣಿಸುತ್ತದೆ. ಮನೆಯಲ್ಲಿ ಓಡಿದ ಕ್ವೆರಿ ಸರ್ವರಿನಲ್ಲಿ ಟೇಬಲ್ಲೇ ಇಲ್ಲ ಎನ್ನುತ್ತದೆ. ಅಲ್ಪವಿರಾಮ ಸಾಲಿನ ಮುಂದಿರಬೇಕೋ ಹಿಂದಿರಬೇಕೋ ಎಂಬ ಜಗಳಕ್ಕೆ ಹೋಗಬೇಡಿ. ಕೆಲವು ಉಪಕರಣಗಳಲ್ಲಿ ಅದಕ್ಕೆ ಆಯ್ಕೆ ಇದೆ, ಇಲ್ಲದಿದ್ದರೂ ಜೀವನ ಸಾಗುತ್ತದೆ.

ಸಲಹೆಯನ್ನು ಬರೆಯುವ ಬಗೆ. ನನ್ನ ಇಂಗ್ಲಿಷ್ ಚೆನ್ನಾಗಿಲ್ಲ ಎಂದು ಹಿಂಜರಿಯುವವರು ನಮ್ಮಲ್ಲಿ ಬಹಳ. ಇಲ್ಲಿ ಭಾಷೆಗಿಂತ ಕ್ವೆರಿಯೇ ಹೆಚ್ಚು ಮಾತನಾಡುತ್ತದೆ. ಉಪಕರಣದ ಆವೃತ್ತಿ, ಡೇಟಾಬೇಸಿನ ಹೆಸರು, ನೀವು ಇಟ್ಟುಕೊಂಡ ಆಯ್ಕೆಗಳು, ಇವಿಷ್ಟು ಮೊದಲು. ಆಮೇಲೆ ನೀವು ಕೊಟ್ಟದ್ದು, ಅದು ತಿರುಗಿ ಕೊಟ್ಟದ್ದು, ನೀವು ಬಯಸಿದ್ದು, ಮೂರನ್ನೂ ಒಂದರ ಕೆಳಗೊಂದು ಇಡಿ. ಇನ್ನೂರು ಸಾಲಿನ ಕ್ವೆರಿಯನ್ನು ಕಳುಹಿಸಬೇಡಿ. ತೊಂದರೆ ಉಳಿದಿರುವವರೆಗೆ ಒಂದೊಂದೇ ಸಾಲು ಅಳಿಸುತ್ತಾ ಹೋಗಿ. ಸಾಮಾನ್ಯವಾಗಿ ನಾಲ್ಕೈದು ಸಾಲು ಉಳಿಯುತ್ತವೆ. ಒಂದು ಪತ್ರದಲ್ಲಿ ಒಂದೇ ಸಲಹೆ ಇರಲಿ. ಐದನ್ನು ಕಟ್ಟಿ ಕಳುಹಿಸಿದರೆ ಒಂದಕ್ಕೆ ಒಪ್ಪಿಗೆ ಬಂದರೂ ಉಳಿದ ನಾಲ್ಕರ ಚರ್ಚೆಯಲ್ಲಿ ಅದು ಸಿಕ್ಕಿಬೀಳುತ್ತದೆ. ಕಾಣದ ಅಕ್ಷರದ ತೊಂದರೆಯಾದರೆ ಪರದೆಯ ಚಿತ್ರದಿಂದ ಪ್ರಯೋಜನವಿಲ್ಲ, ಫೈಲನ್ನೇ ಲಗತ್ತಿಸಿ.

ಕಳುಹಿಸುವ ಮುನ್ನ ಕ್ವೆರಿಯಲ್ಲಿರುವ ರೈತರ ಹೆಸರು, ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ ಎಲ್ಲವನ್ನೂ ತೆಗೆದು ಸುಳ್ಳು ಹೆಸರು ಹಾಕಿ. ಕಚೇರಿಯ ಕ್ವೆರಿಯನ್ನು ಹಾಗೆಯೇ ಯಾವುದೋ ಜಾಲತಾಣದ ಫಾರ್ಮ್ಯಾಟರಿಗೆ ಅಂಟಿಸುವ ಅಭ್ಯಾಸ ಇದ್ದರೆ ಇಂದೇ ಬಿಡಿ. ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಪೋಸ್ಟ್‌ಗ್ರೆಸ್‌ಗೆ ಪಿಜಿಫಾರ್ಮ್ಯಾಟರ್ ಇದೆ, ಹಲವು ಆಡುನುಡಿಗಳನ್ನು ಬಲ್ಲ ಎಸ್‌ಕ್ಯೂಎಲ್‌ಫ್ಲಫ್ ಇದೆ.

ನಿಮ್ಮ ಕ್ವೆರಿಯನ್ನು ಐದು ಸಾಲಿಗೆ ಇಳಿಸಿದ ಮೇಲೆ ನನಗೂ ಒಂದು ಪ್ರತಿ ಕಳುಹಿಸಿ. ನನ್ನಲ್ಲಿರುವ ಬೇರೆ ಉಪಕರಣಗಳಲ್ಲಿ ಓಡಿಸಿ, ಅಲ್ಲಿ ಏನು ಬರುತ್ತದೆಂದು ತಿಳಿಸುತ್ತೇನೆ. ಇನ್ನೊಂದು ಉಪಕರಣ ಇದನ್ನು ಸರಿಯಾಗಿ ಮಾಡುತ್ತದೆ ಎಂಬ ಒಂದು ಸಾಲು ನಿಮ್ಮ ಪತ್ರದಲ್ಲಿದ್ದರೆ ತಯಾರಕರಿಗೂ ಕೆಲಸ ಹಗುರವಾಗುತ್ತದೆ.