ಆಂಗ್ ಜೀ: ಬರ್ಮಾ ಸೈನ್ಯದ ಅಧಿಕಾರಿ, ಒಂದೇ ವರ್ಷದ ಮಂತ್ರಿ

ಬರ್ಮಾದ (ಇಂದಿನ ಮ್ಯಾನ್ಮಾರ್) ಸೈನಿಕ ಆಡಳಿತದ ಬಗ್ಗೆ ಓದುವವರು ಸಾಮಾನ್ಯವಾಗಿ ಆ ಆಡಳಿತ ನಡೆಸಿದ ಸೇನಾಪತಿ ನೆ ವಿನ್ ಹತ್ತಿರವೇ ನಿಂತುಬಿಡುತ್ತಾರೆ. ಅವರ ಬಲಗೈಯಾಗಿದ್ದ ಬ್ರಿಗೇಡಿಯರ್ ಆಂಗ್ ಜೀ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಆದರೆ ಆ ಸೈನ್ಯ ವ್ಯಾಪಾರಕ್ಕೆ ಇಳಿದದ್ದು ಹೇಗೆ, ದೇಶದ ಅಂಗಡಿ ಬ್ಯಾಂಕುಗಳೆಲ್ಲ ಸರ್ಕಾರದ ಪಾಲಾದದ್ದು ಹೇಗೆ ಅಂತ ತಿಳಿಯಬೇಕಾದರೆ ಇವರನ್ನು ಬಿಟ್ಟು ಓದೋಕೆ ಆಗಲ್ಲ.

ಆಂಗ್ ಜೀ ಹುಟ್ಟಿದ್ದು 1919ರಲ್ಲಿ. ನೆ ವಿನ್ ಕೈಕೆಳಗೆ 4ನೇ ಬರ್ಮಾ ರೈಫಲ್ಸ್‌ನಲ್ಲಿ ಇದ್ದವರು. ಈ ಪಡೆಯ ಹೆಸರು ನೆನಪಿಡಿ. ಮುಂದೆ ದೇಶ ಆಳಿದವರಲ್ಲಿ ಜಾಸ್ತಿ ಜನ ಇಲ್ಲಿಂದಲೇ ಬಂದರು.

1951ರಲ್ಲಿ ಸೈನ್ಯ ಒಂದು ಸಂಸ್ಥೆ ತೆರೆಯಿತು. ಸೈನಿಕರಿಗೆ ದಿನಬಳಕೆಯ ಸಾಮಾನನ್ನು ಕಡಿಮೆ ಬೆಲೆಗೆ ಕೊಡುವ ಅಂಗಡಿ, ಅಷ್ಟೇ. ಆಂಗ್ ಜೀ ಉಸ್ತುವಾರಿಯಲ್ಲಿ ಅದು ಬೆಳೆಯಿತು. 1958ರಲ್ಲಿ ಪ್ರಧಾನಿ ಯು ನು ಅಧಿಕಾರವನ್ನು ತಾತ್ಕಾಲಿಕವಾಗಿ ಸೈನ್ಯಕ್ಕೆ ಕೊಟ್ಟ ಮೇಲಂತೂ ಬೆಳವಣಿಗೆಗೆ ತಡೆಯೇ ಇರಲಿಲ್ಲ. ಬ್ಯಾಂಕು, ಹಡಗು ಕಂಪನಿ, ಕಟ್ಟಡ ಕೆಲಸ, ರಂಗೂನಿನ ದೊಡ್ಡ ಅಂಗಡಿ ಎಲ್ಲವೂ ಅದರ ಕೈಗೆ ಬಂದವು. 1990ರಲ್ಲಿ ಸೈನ್ಯ ಮತ್ತೆ ತನ್ನದೇ ದೊಡ್ಡ ಕಂಪನಿ ಕಟ್ಟಿತಲ್ವಾ, ಅದರ ಬೇರು ಇಲ್ಲಿದೆ ಅಂತ ನನಗೆ ಅನಿಸುತ್ತದೆ.

1962ರ ಮಾರ್ಚ್ 2ರಂದು ನೆ ವಿನ್ ಅಧಿಕಾರ ಕಿತ್ತುಕೊಂಡರು. ಆಂಗ್ ಜೀ ವ್ಯಾಪಾರ ಮತ್ತು ಕೈಗಾರಿಕಾ ಮಂತ್ರಿಯಾದರು. ನೆ ವಿನ್ ನಂತರ ಇವರೇ ಅಂತ ಜನ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಆದರೆ ಸಂಪುಟದೊಳಗೆ ಜಗಳ ಶುರುವಾಯಿತು. ಖಾಸಗಿಯವರೂ ಇರಲಿ, ಮೊದಲು ಕಾರ್ಖಾನೆಗಳು ಬರಲಿ ಎನ್ನುವುದು ಆಂಗ್ ಜೀ ವಾದ. ಎಲ್ಲವನ್ನೂ ಸರ್ಕಾರವೇ ತಗೋಬೇಕು ಎನ್ನುವುದು ಬ್ರಿಗೇಡಿಯರ್ ಟಿನ್ ಪೆ ವಾದ. 1963ರ ಜನವರಿಯಲ್ಲಿ ಆಂಗ್ ಜೀ ಜಪಾನಿನ ಜೊತೆ ಯುದ್ಧ ಪರಿಹಾರದ ಮಾತುಕತೆ ನಡೆಸಿ 14 ಕೋಟಿ ಡಾಲರ್ ಕೊಡಲು ಜಪಾನನ್ನು ಒಪ್ಪಿಸಿದರು. ಫೆಬ್ರವರಿ 8ಕ್ಕೆ ಮಂತ್ರಿಗಿರಿಯೂ ಹೋಯಿತು, ಸೈನ್ಯದ ಹುದ್ದೆಯೂ ಹೋಯಿತು. ಅದೇ ತಿಂಗಳು ಬ್ಯಾಂಕುಗಳು ಸರ್ಕಾರದ ವಶವಾದವು. ಮುಂದಿನ ವರ್ಷ ಅಂಗಡಿಗಳ ಸರದಿ. ಅಲ್ಲಿ ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡಿದ್ದ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿದರು. 1963ರ ಆ ಫೆಬ್ರವರಿ ತಿಂಗಳನ್ನು ಚೆನ್ನಾಗಿ ಓದಿಕೊಳ್ಳಿ, ಮುಂದಿನ 25 ವರ್ಷ ಇಲ್ಲೇ ತೀರ್ಮಾನವಾಯಿತು.

ಆಮೇಲೆ ಎರಡು ಸಲ ಜೈಲು, ದೀರ್ಘ ಮೌನ. 1987ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 25, 35, 75 ಕ್ಯಾಟ್ ನೋಟುಗಳನ್ನು ಪರಿಹಾರವಿಲ್ಲದೆ ರದ್ದು ಮಾಡಿ ಜನರ ಉಳಿತಾಯ ನುಂಗಿತು. 1988ರಲ್ಲಿ ಆಂಗ್ ಜೀ ನೆ ವಿನ್‌ಗೆ ಉದ್ದುದ್ದ ಬಹಿರಂಗ ಪತ್ರಗಳನ್ನು ಬರೆದರು. ಆರ್ಥಿಕತೆ ಹಾಳಾದದ್ದನ್ನು ಬರೆದರು, ಮಾರ್ಚ್‌ನಲ್ಲಿ ವಿದ್ಯಾರ್ಥಿಗಳನ್ನು ಪೊಲೀಸರು ಹೊಡೆದದ್ದನ್ನೂ ಬರೆದರು. ಪ್ರತಿಗಳು ಕೈಯಿಂದ ಕೈಗೆ ಹರಿದಾಡಿದವು. ಆದರೂ ತಪ್ಪನ್ನು ನೆ ವಿನ್ ಮೇಲೆ ಹಾಕಲಿಲ್ಲ. ಹಳೆಯ ದಂಡನಾಯಕನ ಮೇಲಿನ ನಿಷ್ಠೆ ಹೋಗಿರಲಿಲ್ಲ ಅಂತ ಕಾಣುತ್ತದೆ.

1988ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಎನ್‌ಎಲ್‌ಡಿ (ನ್ಯಾಷನಲ್ ಲೀಗ್ ಫಾರ್ ಡೆಮಾಕ್ರಸಿ) ಪಕ್ಷದ ಮೊದಲ ಅಧ್ಯಕ್ಷರು ಇವರೇ, ಪ್ರಧಾನ ಕಾರ್ಯದರ್ಶಿ ಆಂಗ್ ಸಾನ್ ಸೂಕಿ. ಪಕ್ಷದಲ್ಲಿ ಕಮ್ಯುನಿಸ್ಟರಿದ್ದಾರೆ ಎಂದು ಜಗಳ ತೆಗೆದು ಡಿಸೆಂಬರ್‌ಗೆ ಹೊರಬಂದರು. 1990ರ ಚುನಾವಣೆಯಲ್ಲಿ ಇವರ ಸ್ವಂತ ಪಕ್ಷಕ್ಕೆ ಸಿಕ್ಕಿದ್ದು ಒಂದೇ ಸೀಟು. 1993ರಲ್ಲಿ ಮೊಟ್ಟೆಯ ಬಾಕಿ ಕೊಟ್ಟಿಲ್ಲ ಎಂಬ ಕೇಸಿನಲ್ಲಿ ಮತ್ತೆ ಜೈಲು ಸೇರಿದರು. ತೀರಿಕೊಂಡದ್ದು 2012ರಲ್ಲಿ.

ಪರೀಕ್ಷೆಗೆ ಬರೆಯುವವರು ಒಂದು ಕಡೆ ಹುಷಾರಾಗಿರಿ. 1962ರ ಜುಲೈ 7ರಂದು ರಂಗೂನ್ ವಿಶ್ವವಿದ್ಯಾಲಯದಲ್ಲಿ ಸೈನ್ಯ ಗುಂಡು ಹಾರಿಸಿತು, ಮರುದಿನ ವಿದ್ಯಾರ್ಥಿ ಸಂಘದ ಕಟ್ಟಡವನ್ನು ಸ್ಫೋಟಿಸಿತು. ಆ ಆದೇಶ ಆಂಗ್ ಜೀ ಅವರದು ಎಂದು ನೆ ವಿನ್ 1988ರ ಜುಲೈ ಭಾಷಣದಲ್ಲಿ ಹೇಳಿದರು. ಆಂಗ್ ಜೀ ಅದನ್ನು ಒಪ್ಪಲಿಲ್ಲ. ಉತ್ತರದಲ್ಲಿ ಎರಡೂ ಮಾತು ಬರೆಯಿರಿ, ಒಂದನ್ನೇ ಸತ್ಯ ಅಂತ ಬರೆಯಬೇಡಿ.